ಉಡುಪಿಯ ಮಳೆಗಾಲದಲ್ಲಿ ಬಟ್ಟೆಬರೆಗೆ ಬೂಷ್ಟು ಹಿಡಿಯದಂತೆ ಮನೆ ಜೋಡಿಸುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಬೆಂಗಳೂರಿನಿಂದ ಉಡುಪಿಗೆ ವರ್ಗವಾಗಿ ಬಂದಿದ್ದೀರಿ, ಎರಡು ಕೋಣೆಗಳ ಬಾಡಿಗೆ ಫ್ಲ್ಯಾಟು. ವಿಡಿಯೋಗಳನ್ನು ನೋಡಿ ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ತರಿಸಿ, ಎಲ್ಲವನ್ನೂ ಒಪ್ಪವಾಗಿ ಜೋಡಿಸಿದ್ದೀರಿ. ಆದರೂ ಜುಲೈ ಹೊತ್ತಿಗೆ ಸೀರೆ, ಬೆಲ್ಟು, ಚಪ್ಪಲಿಗಳಿಗೆಲ್ಲ ಬೂಷ್ಟು. ಕಪಾಟನ್ನು ಹಳೆಯದೇ ಕೊಳ್ಳಬಹುದೇ, ಕೊಳ್ಳುವುದಾದರೆ ಎಲ್ಲಿ? ಅಮ್ಮ, ಅತ್ತೆ ಕೊಟ್ಟ ಹಳೆಯ ಹತ್ತಿ ಸೀರೆಗಳ ರಾಶಿಯನ್ನು ಏನು ಮಾಡುವುದು? ನನ್ನ ತವರು ಕಟಪಾಡಿಯ ಹತ್ತಿರ, ಸಂಸಾರ ಮಂಗಳೂರಿನ ಬಿಜೈಯಲ್ಲಿ. ಹೊಲಿಗೆ ಯಂತ್ರ ಮತ್ತು ಗುಜರಿ ಅಂಗಡಿ, ಎರಡರ ಹುಚ್ಚೂ ಇರುವುದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ಆ ವಿಡಿಯೋಗಳನ್ನು ಮರೆತುಬಿಡಿ. ಅವನ್ನು ಮಾಡಿದವರ ಊರಿನಲ್ಲಿ ಮನೆಯೊಳಗಿನ ದೊಡ್ಡ ಕಾಟ ದೂಳು. ದೂಳಿಗೆ ಮುಚ್ಚಳ ಬೇಕು, ಸರಿ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ 1,000 ಮಿ.ಮೀ. ಆಸುಪಾಸು. ಇಲ್ಲಿ ಅದು 4,000 ಮಿ.ಮೀ. ಸುತ್ತಮುತ್ತ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿಯ ತೇವಾಂಶ ಶೇ. 70 ದಾಟಿದರೆ ಬೂಷ್ಟಿಗೆ ಬೇರೇನೂ ಬೇಡ. ಆಷಾಢದಲ್ಲಿ ಇಲ್ಲಿ ಅದು ಶೇ. 85, 90ರಲ್ಲೇ ಇರುತ್ತದೆ. ಅಂತಹ ದಿನ ನೀವು ಬಟ್ಟೆ ಮಡಚಿ ಪೆಟ್ಟಿಗೆಗೆ ಹಾಕಿ ಮುಚ್ಚಳ ಒತ್ತಿದರೆ, ಒಳಗೆ ಸೇರಿದ ತೇವ ಅಲ್ಲೇ ಉಳಿಯುತ್ತದೆ. ಈ ಕರಾವಳಿಯಲ್ಲಿ ತಿನ್ನುವ ಒಣ ವಸ್ತುವಿಗೆ ಮುಚ್ಚಳ, ಉಡುವ ವಸ್ತುವಿಗೆ ಗಾಳಿ. ಹಪ್ಪಳ, ಸಂಡಿಗೆ, ರವೆ, ಬೆಲ್ಲ, ಮನೆಯ ಕಾಗದಪತ್ರ, ಕ್ಯಾಮೆರಾ ಇವೆಲ್ಲ ನಿಮ್ಮ ಪ್ಲಾಸ್ಟಿಕ್ ಪೆಟ್ಟಿಗೆಗಳಿಗೆ ಹೋಗಲಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಬಟ್ಟೆ, ಚರ್ಮ, ಚಾಪೆ, ಹಾಸಿಗೆ ಇವೆಲ್ಲ ಹೊರಗೆ ಬರಲಿ.

ಕಪಾಟು ಯಾವ ಗೋಡೆಗೆ ಆನಿಸಿದೆ ಎಂದು ನೋಡಿ. ನೈರುತ್ಯ ಮಾರುತ ಸಮುದ್ರದ ಕಡೆಯಿಂದಲೇ ಬಡಿಯುವುದರಿಂದ ಪಡುವಣ ಮತ್ತು ತೆಂಕಣ ಹೊರಗೋಡೆಗಳು ತಿಂಗಳುಗಟ್ಟಲೆ ಒದ್ದೆಯಾಗಿರುತ್ತವೆ. ಕೆಂಪುಕಲ್ಲಿನ ಗೋಡೆಯಾದರಂತೂ ನೀರು ಕುಡಿದು ಕುಳಿತಿರುತ್ತದೆ. ಅಂತಹ ಗೋಡೆಗೆ ಕಪಾಟಿನ ಬೆನ್ನು ಅಂಟಿಸಿದರೆ ನಡುವೆ ಗಾಳಿಯಾಡದೆ ಬೂಷ್ಟು ಹಿಂದಿನಿಂದ ಶುರುವಾಗುತ್ತದೆ. ಬಾಗಿಲು ತೆರೆದು ನೋಡುವ ನಿಮಗೆ ಅದು ಕಾಣುವುದು ಕೊನೆಗೆ. ಸಾಧ್ಯವಾದರೆ ಕಪಾಟನ್ನು ಒಳಗೋಡೆಗೆ ಬದಲಿಸಿ. ಆಗದಿದ್ದರೆ ಅಂಗೈ ಆಡುವಷ್ಟು ಜಾಗ ಬಿಟ್ಟು ಮುಂದಕ್ಕೆ ಎಳೆಯಿರಿ, ಕಾಲಿನ ಕೆಳಗೆ ಹೆಂಚಿನ ಚೂರುಗಳನ್ನಿಡಿ. ಕಪಾಟನ್ನು ಮುಕ್ಕಾಲು ಮಾತ್ರ ತುಂಬಿ. ಬಿಸಿಲು ಕಂಡ ದಿನ ಅದರ ಬಾಗಿಲು ತೆರೆದು ಫ್ಯಾನ್ ಹಾಕಿ. ನನ್ನ ಮಟ್ಟಿಗೆ ಬೇರೆಲ್ಲ ಉಪಾಯಗಳಿಗಿಂತ ಹೆಚ್ಚು ಕೆಲಸ ಮಾಡುವುದು ಇದೇ.

ನುಸಿಗುಳಿಗೆಯ ಬಗ್ಗೆ ಒಂದು ಮಾತು. ಎಲ್ಲರೂ ಹಾಕುತ್ತಾರೆ, ಹಾಕಿದರೂ ಬೂಷ್ಟು ಬಂತು ಎಂದು ಬೈಯುತ್ತಾರೆ. ಅದು ಹುಳಕ್ಕೆ, ಬೂಷ್ಟಿಗೆ ಅದರ ಗೊಡವೆಯೇ ಇಲ್ಲ. ಲಾವಂಚ, ಬಜೆ, ಲವಂಗ ಕೂಡ ಅಷ್ಟೇ, ಪರಿಮಳ ಮತ್ತು ಹುಳದ ಕಾವಲು. ಜರಿಗೆ ನುಸಿಗುಳಿಗೆ ತಾಗಬಾರದು, ಹಸುಗೂಸಿನ ಬಟ್ಟೆಯ ಹತ್ತಿರವಂತೂ ಅದನ್ನು ಸುಳಿಯಗೊಡಬಾರದು. ತೇವ ಹೀರಬೇಕೆಂದರೆ ಕ್ಯಾಲ್ಸಿಯಂ ಕ್ಲೋರೈಡ್ ಇರುವ ಡಬ್ಬಿಗಳು ಅಂಗಡಿಗಳಲ್ಲಿ ಸಿಗುತ್ತವೆ. ಬಿಳಿ ಹರಳು ಕರಗಿ ಕೆಳಗೆ ನೀರು ನಿಲ್ಲುವುದು ಕಣ್ಣಿಗೇ ಕಾಣುತ್ತದೆ. ಆ ನೀರು ಉಪ್ಪಿನ ನೀರು, ಮಗುಚಿದರೆ ರೇಷ್ಮೆಗೆ ಕಲೆ ನಿಶ್ಚಿತ. ಆದ್ದರಿಂದ ಡಬ್ಬಿಯ ಜಾಗ ಕಪಾಟಿನ ತಳದಲ್ಲಿ, ಸೀರೆಯ ಮೇಲಲ್ಲ. ಹಿಂದೆ ಕಪಾಟಿನೊಳಗೆ ಸಣ್ಣ ಬಲ್ಬು ಉರಿಸಿಡುತ್ತಿದ್ದರು. ಈಗಿನ ಎಲ್‌ಇಡಿ ಬಲ್ಬಿನಿಂದ ಬೆಳಕು ಬರುತ್ತದೆಯೇ ಹೊರತು ಅಂತಹ ಶಾಖ ಬರುವುದಿಲ್ಲ. ಹಳೆಯ ಬಲ್ಬು ಬಟ್ಟೆಗೆ ತಾಗಿದರೆ ಬೆಂಕಿ. ಎರಡೂ ಬೇಡ.

ಬಯಲುಸೀಮೆಯಿಂದ ಬಂದವರಿಗೆ ಯಾರೂ ಹೇಳದ ಇನ್ನೊಂದು ಸಂಗತಿ ಗಂಜಿ. ಹತ್ತಿ ಸೀರೆಗೆ ಕುಚ್ಚಲಕ್ಕಿಯ ತೆಳಿ ಹಾಕಿ ಇಸ್ತ್ರಿ ಮಾಡಿದರೆ ಅದರ ಠೀವಿಯೇ ಬೇರೆ, ಒಪ್ಪುತ್ತೇನೆ. ಆದರೆ ತೆಳಿ ಎಂದರೆ ಪಿಷ್ಟ, ಬೂಷ್ಟಿಗೆ ಮೃಷ್ಟಾನ್ನ. ಗಂಜಿ ಹಾಕಿದ ಸೀರೆಯನ್ನೂ ಹಾಕದ ಸೀರೆಯನ್ನೂ ಒಂದೇ ಅರೆಯಲ್ಲಿಟ್ಟು ಆಗಸ್ಟಿನಲ್ಲಿ ತೆಗೆದು ನೋಡಿ: ಮೊದಲನೆಯದರ ಮಡಿಕೆಯ ಏಣಿನ ಉದ್ದಕ್ಕೂ ಬೂದು ಬಣ್ಣದ ಸಣ್ಣ ಚುಕ್ಕೆಗಳು ಸಾಲುಗಟ್ಟಿರುತ್ತವೆ, ಎರಡನೆಯದು ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಮಳೆಗಾಲಕ್ಕೆ ಎತ್ತಿಡುವ ಸೀರೆಯಿಂದ ಗಂಜಿ ಪೂರ್ತಿ ಹೋಗುವಂತೆ ಒಗೆದು, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಬಟ್ಟೆಯ ಬಿಸಿ ಆರಿದ ಮೇಲೆ ಮಡಚಿ. ನಮ್ಮ ಉಡುಪಿ ಸೀರೆಗಳಿಗೂ ಇದೇ ಕ್ರಮ. ಅಂದ ಹಾಗೆ, ನಿಮ್ಮ ಅತ್ತೆಯ ರಾಶಿಯಲ್ಲಿ ತಾಳಿಪಾಡಿ, ಕಿನ್ನಿಗೋಳಿ ಕಡೆಯ ಕೈಮಗ್ಗದ ಸೀರೆಗಳಿದ್ದರೆ ಅವನ್ನು ಕತ್ತರಿಸಲು ಹೋಗಬೇಡಿ. ಈಗ ನೇಯುವವರು ಕಡಿಮೆ, ಬೇಕೆಂದಾಗ ಸಿಗುವ ಸೀರೆಯಲ್ಲ ಅದು.

ಇದನ್ನೆಲ್ಲ ಯಾವಾಗ ಮಾಡುವುದು? ನಮ್ಮಲ್ಲಿ ಅದಕ್ಕೊಂದು ಗಡುವಿದೆ, ಪತ್ತನಾಜೆ. ತುಳುವರ ಬೇಷ ತಿಂಗಳ 10ನೇ ದಿನ, ಅಂದರೆ ಮೇ 24ರ ಹೊತ್ತಿಗೆ. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ, ಊರು ಮಳೆಗೆ ಕಾಯುತ್ತದೆ. ಹಾಸಿಗೆ, ಕಂಬಳಿ, ಪುಸ್ತಕ, ಚಪ್ಪಲಿ ಎಲ್ಲವೂ ಅದಕ್ಕೆ ಮೊದಲು ಬಿಸಿಲು ಕಂಡಿರಬೇಕು. ಆಮೇಲೆ ಜುಲೈ, ಆಗಸ್ಟ್ ಹೊತ್ತಿನ ತುಳುವರ ಆಟಿ ತಿಂಗಳ ನಡುವೆ ಒಂದೆರಡು ದಿನ ಹೊಳವು ಸಿಗುತ್ತದೆ. ಅಂದು ಇಡೀ ಉಡುಪಿಯ ತಾರಸಿಗಳ ಮೇಲೆ ಹಾಸಿಗೆಗಳು ಮಲಗಿರುತ್ತವೆ. ನಾಚಿಕೊಳ್ಳದೆ ನಿಮ್ಮದನ್ನೂ ಹಾಕಿ.

ಇನ್ನು ಹಳೆಯ ಕಪಾಟು. ಖಂಡಿತ ಕೊಳ್ಳಿ, ಹೊಸದಕ್ಕಿಂತ ಅದೇ ಮೇಲು. ಆನ್‌ಲೈನಿನಲ್ಲಿ ಬರುವ ಹೊಸ ಕಪಾಟುಗಳಲ್ಲಿ ಹೆಚ್ಚಿನವು ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯವು. ಅಂಚಿನ ಪಟ್ಟಿ ಒಂದು ಕಡೆ ಎದ್ದರೆ ಸಾಕು, ಹಲಗೆ ತೇವ ಹೀರಿ ಊದುತ್ತದೆ, ಬಾಗಿಲು ಕೂರುವುದಿಲ್ಲ, ತಿರುಪಿನ ತೂತು ಸಡಿಲವಾಗುತ್ತದೆ. ಹಲಸು, ಹೆಬ್ಬಲಸು, ತೇಗ, ಬೋಗಿ ಮರದ ಹಳೆಯ ಸಾಮಾನು ಹಲವು ಮಳೆಗಾಲ ಕಂಡು ಉಳಿದಿದೆ ಎಂದರೆ ಅದೇ ಅದರ ಗ್ಯಾರಂಟಿ. ಮಂಗಳೂರಿನಲ್ಲಿ ಬಂದರು ಪ್ರದೇಶದ ಗುಜರಿಗಳನ್ನು ಸುತ್ತಿ. ಉಡುಪಿ, ಕಾರ್ಕಳ ಕಡೆ ಹಳೆಯ ಮನೆ ಕೆಡವಿದ ಮರ, ಬಾಗಿಲು, ಪೆಟ್ಟಿಗೆಗಳನ್ನು ರಾಶಿ ಹಾಕಿ ಮಾರುವವರಿದ್ದಾರೆ. ಯಾವುದಾದರೂ ಬಡಗಿಯನ್ನು ಕೇಳಿದರೆ ವಿಳಾಸ ಸಿಗುತ್ತದೆ. ಹೋಗುವ ಮುನ್ನ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ನೋಡಿ ಬನ್ನಿ. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಅವರು ಕೆಡವಲು ಹೊರಟಿದ್ದ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಒಳ್ಳೆಯ ಮರ, ಒಳ್ಳೆಯ ಜೋಡಣೆ ಹೇಗಿರುತ್ತದೆ ಎಂದು ಕಣ್ಣು ಪಳಗಲು ಅದಕ್ಕಿಂತ ಒಳ್ಳೆಯ ಜಾಗ ಈ ಕಡೆ ಇಲ್ಲ.

ಕೊಳ್ಳುವಾಗ ಮುಂಭಾಗದ ಪಾಲಿಶ್ ನೋಡಬೇಡಿ. ಬಾಗಿಲು ತೆರೆದು ತಲೆಯನ್ನೇ ಒಳಗೆ ಹಾಕಿ ಮೂಸಿ. ಮುಗ್ಗಲು ವಾಸನೆ ಬಂದರೆ ಬಿಸಿಲಿಗಿಟ್ಟು ಸರಿಮಾಡಬಹುದು, ಬೆಲೆ ಇಳಿಸಲು ಒಂದು ನೆಪವೂ ಆಯಿತು. ಗುಂಡುಸೂಜಿ ಗಾತ್ರದ ತೂತುಗಳಿದ್ದರೆ ಅವುಗಳ ಕೆಳಗೆ ಕೈಯಾಡಿಸಿ. ತೂತು ಕಪ್ಪಾಗಿದ್ದು ಪುಡಿ ಇಲ್ಲದಿದ್ದರೆ ಹುಳ ಎಂದೋ ಹೋಗಿದೆ. ಗೋಧಿಹಿಟ್ಟಿನಂತಹ ನುಣುಪು ಪುಡಿ ಬೆರಳಿಗೆ ಹತ್ತಿದರೆ ಒಳಗೆ ಇನ್ನೂ ಸಂಸಾರ ನಡೆಯುತ್ತಿದೆ. ಎಷ್ಟೇ ಚಂದವಿರಲಿ, ಬಿಟ್ಟು ಬನ್ನಿ. ಬೆರಳ ಗಂಟಿನಿಂದ ಕಾಲುಗಳನ್ನು ಕುಟ್ಟಿ, ಡೊಳ್ಳು ಸದ್ದು ಬಂದರೆ ಗೆದ್ದಲು ತಿಂದಿದೆ. ಕಬ್ಬಿಣದ ಕಪಾಟಾದರೆ ತಳದ ಮೂಲೆಗಳನ್ನು ನಾಣ್ಯದಿಂದ ಕೆರೆದು ನೋಡಿ, ಉಪ್ಪುಗಾಳಿ ಮೊದಲು ತಿನ್ನುವುದು ಅಲ್ಲಿಯೇ.

ಮನೆಗೆ ತಂದ ಮೇಲೆ ಕಾಲು ಮತ್ತು ತಳಕ್ಕೆ ಗೇರೆಣ್ಣೆ ಬಳಿಸಿ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ ಅದು. ದೋಣಿಗೂ ಮಾಡಿನ ಪಕ್ಕಾಸುಗಳಿಗೂ ನಮ್ಮವರು ಬಳಿಯುತ್ತಿದ್ದುದು ಅದನ್ನೇ. ಗೆದ್ದಲು ಹತ್ತಿರ ಬರುವುದಿಲ್ಲ. ಆದರೆ ಚರ್ಮಕ್ಕೆ ತಾಗಿದರೆ ಸುಟ್ಟು ಬೊಕ್ಕೆ ಏಳುತ್ತದೆ, ಒಣಗಲು ದಿನಗಳೇ ಬೇಕು, ವಾಸನೆಯೂ ಇರುತ್ತದೆ. ಕೈಚೀಲ ಹಾಕಿಕೊಳ್ಳುವ ಬಡಗಿಯಿಂದಲೇ, ಹೊರಗೆ, ಬೇಸಿಗೆಯಲ್ಲಿ ಮಾಡಿಸಿ. ಬಟ್ಟೆ ತಾಗುವ ಒಳಭಾಗಕ್ಕೆ ಬೇಡವೇ ಬೇಡ.

ಮಣಿಪಾಲದ ವಿದ್ಯಾರ್ಥಿಗಳು ಶೈಕ್ಷಣಿಕ ವರ್ಷದ ಕೊನೆಯಲ್ಲಿ ಕೋಣೆ ಖಾಲಿ ಮಾಡುವಾಗ ಸಾಮಾನು ಅಗ್ಗಕ್ಕೆ ಬಿಟ್ಟುಹೋಗುತ್ತಾರೆ. ಕಬ್ಬಿಣದ ರ‍್ಯಾಕ್, ಕುರ್ಚಿ, ಟೇಬಲ್ ಫ್ಯಾನ್, ಇಸ್ತ್ರಿಪೆಟ್ಟಿಗೆ ಕಣ್ಣುಮುಚ್ಚಿ ತನ್ನಿ. ಹಾಸಿಗೆ ಮಾತ್ರ ಬಿಟ್ಟಿ ಕೊಟ್ಟರೂ ಬೇಡ.

ಪ್ಲಾಸ್ಟಿಕ್ ಪೆಟ್ಟಿಗೆಯ ಬದಲಿಗೆ ಬುಟ್ಟಿ. ಕೊರಗ ಸಮುದಾಯದವರು ಬಿದಿರು ಮತ್ತು ಕಾಡಿನ ಬೀಳುಗಳಿಂದ ಹೆಣೆಯುವ ಬುಟ್ಟಿಗಳು ಜಾತ್ರೆಗಳಲ್ಲಿ, ಬುಧವಾರದ ಆದಿಉಡುಪಿ ಸಂತೆಯ ಕಡೆ ಸಿಗುತ್ತವೆ. ಈರುಳ್ಳಿ, ಮಕ್ಕಳ ಆಟಿಕೆ, ಒಗೆಯುವ ಬಟ್ಟೆ ಎಲ್ಲಕ್ಕೂ ಆಗುತ್ತವೆ, ನಾಲ್ಕೂ ಕಡೆ ಗಾಳಿಯಾಡುತ್ತದೆ. ಚೌಕಾಸಿ ಮಾಡಬೇಡಿ. ಮಾಲ್‌ನಲ್ಲಿ ಇದೇ ತರಹದ ಬುಟ್ಟಿಗೆ ಎಷ್ಟು ಕೇಳುತ್ತಾರೆಂದು ನಿಮಗೂ ಗೊತ್ತು.

ಕೊನೆಗೆ ಸೀರೆಯ ರಾಶಿ. ಒಂದೊಂದನ್ನೂ ಕಿಟಕಿಗೆ ಅಡ್ಡ ಹಿಡಿದು ನೋಡಿ. ನೂಲು ಸವೆದು ಬೆಳಕು ಸೋರುವಂತಿದ್ದರೆ ಅದು ಒರಸುವ ಬಟ್ಟೆಗೆ. ಗಟ್ಟಿ ಇದ್ದರೆ ಕೌದಿಗೆ. ಬಾಟಲಿಗೆ ಸೀರೆಯ ಅಂಚು ಸುತ್ತುವುದು, ಡಬ್ಬಕ್ಕೆ ಜರಿ ಅಂಟಿಸುವುದು ಇತ್ಯಾದಿ ಕಲೆಗಳನ್ನು ನಾನು ಮನೆಯೊಳಗೆ ಬಿಡುವುದಿಲ್ಲ. ಅವು ಮಾಡುವಾಗ ಚಂದ, ಆಮೇಲೆ ಒರಸುವ ಕೆಲಸ ಮಾತ್ರ ಉಳಿಯುತ್ತದೆ. ಮದುವೆ, ಉಪನಯನಗಳಲ್ಲಿ ಉಡಿಗೆ ಬಿದ್ದು ಯಾರ ರವಿಕೆಯೂ ಆಗದೆ ಮನೆಯಿಂದ ಮನೆಗೆ ತಿರುಗುವ ರವಿಕೆ ಕಣಗಳಿವೆಯಲ್ಲ, ಅವುಗಳ ತಿರುಗಾಟವನ್ನು ನಿಮ್ಮಲ್ಲಿಗೇ ನಿಲ್ಲಿಸಿ. ಹತ್ತಿಯವನ್ನು ಆರಿಸಿ ಎರಡು ಕಡೆ ಮಡಚಿ ಹೊಲಿದರೆ ಬೆಲೆಬಾಳುವ ಸೀರೆಗೆ ಒಂದೊಂದು ಚೀಲ, ಬಾಯಿಗೆ ಗುಂಡಿ ಬೇಡ, ದಾರ ಸಾಕು. ಪ್ಲಾಸ್ಟಿಕ್ ಕವರಿಗಿಂತ ಇದರಲ್ಲಿ ಜರಿ ಕಪ್ಪಾಗುವುದು ಕಡಿಮೆ.

ಕೌದಿಗೆ ಲೆಕ್ಕ ಸುಲಭ. ಐದೂವರೆ ಮೀಟರ್ ಸೀರೆಯನ್ನು ಅಡ್ಡಕ್ಕೆ ಮಡಚಿದರೆ ಎರಡು ಪದರ, ಒಬ್ಬರು ಹೊದೆಯುವಷ್ಟು ಅಳತೆ ಸಿಗುತ್ತದೆ. ಮೊದಲು ಫಾಲ್ಸ್ ಬಿಚ್ಚಿ. ಅದು ಸಿಂಥೆಟಿಕ್ ಆಗಿದ್ದರೆ ಒಗೆದಾಗ ಹತ್ತಿಯ ಜೊತೆ ಕುಗ್ಗದೆ ಸುಕ್ಕು ಕಟ್ಟುತ್ತದೆ. ಬಣ್ಣ ಬಿಡುವ ಕೆಂಪು, ನೀಲಿಗಳನ್ನು ಮುಂಚೆಯೇ ಬೇರೆಯಾಗಿ ಒಗೆಯಿರಿ. ನೆಲದ ಮೇಲೆ ಹಾಸಿ, ನಡುವಿನಿಂದ ಅಂಚಿನ ಕಡೆಗೆ ಕಚ್ಚಾ ಹೊಲಿಗೆ ಹಾಕಿ, ಅಂಚಿನಿಂದ ಶುರುಮಾಡಿದರೆ ನಡುವೆ ಬಟ್ಟೆ ಉಬ್ಬುತ್ತದೆ. ಆಮೇಲೆ ಒಂದಂಗುಲ ಬಿಟ್ಟು ಸಾಲು ಹೊಲಿಗೆ, ಕೈಯಲ್ಲೋ ಯಂತ್ರದಲ್ಲೋ. ಬಯಲುಸೀಮೆಯ ದಪ್ಪ ಕೌದಿಯ ಆಸೆ ಬಿಡಿ. ಇಲ್ಲಿಗೆ ಮೂರು ಪದರ ಸಾಕು, ಅದಕ್ಕಿಂತ ದಪ್ಪವಾದದ್ದು ಒಮ್ಮೆ ಒದ್ದೆಯಾದರೆ ನವರಾತ್ರಿಯವರೆಗೆ ಒಣಗದು. ಮೂರನೆಯ ಪದರಕ್ಕೆ ಇನ್ನೊಂದು ಸೀರೆ ಕತ್ತರಿಸುವ ಬದಲು ಮನೆಯಲ್ಲಿ ಹಳೆಯ ಬಿಳಿ ಪಂಚೆ ಇದೆಯೇ ಎಂದು ಕೇಳಿ. ಒಗೆದು ಒಗೆದು ಮೆತ್ತಗಾದ ಪಂಚೆಯನ್ನು ಮೈಗೆ ತಾಗುವ ಬದಿಗೆ ಹಾಕಿದರೆ ಹೊದ್ದವರು ಬಿಡುವುದಿಲ್ಲ, ಹೊಲಿಗೆ ಸೊಟ್ಟಗೆ ಹೋದದ್ದೂ ಬಿಳಿಯ ಮೇಲೆ ಚೆನ್ನಾಗಿ ಕಾಣುವುದರಿಂದ ಬಿಚ್ಚಿ ಹೊಲಿಯಲು ಅನುಕೂಲ.