ಶಿಶುವಾಗಿದ್ದಾಗ ಆದ ದೀಕ್ಷಾಸ್ನಾನ ಸಾಲದೆ?

ಪ್ರಶ್ನೆ: ನಾನು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು. ಮೂರು ತಿಂಗಳ ಕೂಸಾಗಿದ್ದಾಗಲೇ ನನಗೆ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಆಗಿದೆ. ಹೆಂಡತಿ ಪೆಂತೆಕೊಸ್ತ್ ಸಭೆಯವಳು. ಅವರ ಪಾಸ್ಟರ್, ‘ಅದು ಲೆಕ್ಕಕ್ಕಿಲ್ಲ, ಮುಳುಗಿ ತೆಗೆದುಕೊಳ್ಳಿ’ ಎನ್ನುತ್ತಾರೆ. ನಮಗೆ ಐದು ತಿಂಗಳ ಮಗಳಿದ್ದಾಳೆ. ಅವಳಿಗೆ ಈಗಲೇ ಮಾಡಿಸುವುದೋ, ಕಾಯುವುದೋ?

ಉತ್ತರ: ಮೊದಲು ಮಗಳ ವಿಷಯ. ಯಾವ ಸಭೆಯಲ್ಲಿ ಅವಳನ್ನು ಬೆಳೆಸುತ್ತೀರೆಂದು ಇಬ್ಬರೂ ಒಪ್ಪುವವರೆಗೆ ಕಾಯಿರಿ. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿ 1947ರಲ್ಲಿ ಆದ ಸಿಎಸ್‌ಐನಲ್ಲಿ ಶಿಶು ದೀಕ್ಷಾಸ್ನಾನವೂ ಉಂಟು, ಬೆಳೆದ ಮೇಲೆ ನಂಬಿಕೆ ಅರಿಕೆ ಮಾಡಿ ಪಡೆಯುವುದಕ್ಕೂ ಅವಕಾಶವುಂಟು. ಸದ್ಯಕ್ಕೆ ಕೃತಜ್ಞತಾ ಪ್ರಾರ್ಥನೆ ಮಾಡಿಸಿದರೆ ಸಾಕು. ಅಲ್ಲಿ ತಲೆಗೆ ನೀರು ಹಾಕಿಸಬೇಡಿ. ಮುಂದೆ ‘ಆಗಿತ್ತೋ ಇಲ್ಲವೋ’ ಎಂಬ ಗೊಂದಲ ಹುಟ್ಟುವುದು ಇಂಥದ್ದರಿಂದಲೇ. ಇಂದು ಸಿಎಸ್‌ಐನಲ್ಲಿ ಮಾಡಿಸಿ, ಹದಿನೈದು ವರ್ಷದ ಮೇಲೆ ತಾಯಿಯ ಸಭೆಯಲ್ಲಿ ಮುಳುಗಿಸುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ನಿಮ್ಮ ವಿಷಯ ಬೇರೆ. ಸಿಎಸ್‌ಐ, ಕ್ಯಾಥೊಲಿಕ್, ಲೂಥರನ್, ಆರ್ಥೊಡಾಕ್ಸ್ ಸಭೆಗಳ ಪ್ರಕಾರ ದೀಕ್ಷಾಸ್ನಾನ ಒಮ್ಮೆ ಮಾತ್ರ. ನೀರು, ‘ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ’ ಎಂಬ ಮಾತು, ಎರಡೂ ಇದ್ದರೆ ಅದು ಆಯಿತು, ವಯಸ್ಸು ಮುಖ್ಯವಲ್ಲ. ಪಾಸ್ಟರ್ ದೃಷ್ಟಿಯಲ್ಲಿ ನಂಬಿಕೆ ಮೊದಲು, ನೀರು ಆಮೇಲೆ. ಹಾಗಾಗಿ ಅವರು ಮಾಡಿಸುವುದು ಎರಡನೆಯದಲ್ಲ, ಮೊದಲನೆಯದು. 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ, ಶಿಶು ದೀಕ್ಷಾಸ್ನಾನವನ್ನು ಒಪ್ಪದ ಅನಾಬ್ಯಾಪ್ಟಿಸ್ಟ್ ಪಂಗಡದವರೂ ಇದನ್ನೇ ಹೇಳಿದರು. 1527ರಲ್ಲಿ ಅವರಲ್ಲೊಬ್ಬರಾದ ಫೆಲಿಕ್ಸ್ ಮಾಂಟ್ಸ್ ಅವರನ್ನು ಅಲ್ಲಿನ ಆಡಳಿತ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದಿತು.

ವಚನ ತೋರಿಸಿ ವಾದ ಗೆಲ್ಲುವುದು ಕಷ್ಟ. ಅಪೊಸ್ತಲರ ಕೃತ್ಯಗಳು 16ರಲ್ಲಿ ಸೆರೆಮನೆಯ ಯಜಮಾನ ‘ತನ್ನವರೆಲ್ಲರ’ ಜೊತೆ ದೀಕ್ಷಾಸ್ನಾನ ಪಡೆದ. ಮನೆಯಲ್ಲಿ ಕೂಸಿತ್ತೇ ಎಂದು ಬರೆದಿಲ್ಲ. ಕ್ರಿ.ಶ. ಸುಮಾರು 200ರಲ್ಲಿ ಕ್ರೈಸ್ತ ಲೇಖಕ ತೆರ್ತುಲಿಯನ್, ಮಕ್ಕಳ ದೀಕ್ಷಾಸ್ನಾನವನ್ನು ತಡಮಾಡಿ ಎಂದ. ಅಂದರೆ ಆಗಲೇ ಮಾಡಿಸುತ್ತಿದ್ದರು, ಆಗಲೇ ಆಕ್ಷೇಪವೂ ಇತ್ತು. ಮುಂದೆ ಬಿಷಪ್ ಆದ ಸಂತ ಅಗಸ್ಟೀನ್, ಕ್ರೈಸ್ತ ತಾಯಿಯ ಮಗನಾಗಿದ್ದೂ ದೀಕ್ಷಾಸ್ನಾನ ಪಡೆದದ್ದು 387ರಲ್ಲಿ, 32ರ ಹರೆಯದಲ್ಲಿ.

ಸ್ವಂತ ಬಾಯಿಂದ ನಂಬಿಕೆ ಹೇಳಬೇಕೆಂಬ ಹಂಬಲವಷ್ಟೇ ಇದ್ದರೆ ಅದಕ್ಕೆ ದೃಢೀಕರಣ (ಕನ್ಫರ್ಮೇಷನ್) ಎಂಬ ವಿಧಿಯಿದೆ. ಅದೂ ಆಗಿದ್ದರೆ ದೀಕ್ಷಾಸ್ನಾನದ ವಾಗ್ದಾನಗಳನ್ನು ನವೀಕರಿಸಬಹುದು. ಆದರೂ ಮುಳುಗುವುದೇ ಸರಿ ಅನ್ನಿಸಿದರೆ ನಿಮ್ಮ ಸಭಾಪಾಲಕರಿಗೆ ಮೊದಲೇ ಹೇಳಿ. ಆ ಸಭೆ ದೀಕ್ಷಾಸ್ನಾನದಲ್ಲಿ ಹೇಳುವ ಮಾತನ್ನೂ ವಿಚಾರಿಸಿ: ಕೆಲವು ಪೆಂತೆಕೊಸ್ತ್ ಪಂಗಡಗಳು ‘ಯೇಸುವಿನ ಹೆಸರಿನಲ್ಲಿ’ ಮಾತ್ರ ಮಾಡಿಸುತ್ತವೆ, ಅದನ್ನು ಕ್ಯಾಥೊಲಿಕ್ ಸಭೆ ಮಾನ್ಯ ಮಾಡುವುದಿಲ್ಲ.

ಪ್ರಶ್ನೆ: ಮಗನ ಜ್ಞಾನಸ್ನಾನ (ದೀಕ್ಷಾಸ್ನಾನ) ಕ್ಯಾಥೊಲಿಕ್ ಚರ್ಚಿನಲ್ಲಿ. ಪ್ರಾಟೆಸ್ಟಂಟ್ ಗೆಳತಿ ಗಾಡ್‌ಮದರ್ (ಧರ್ಮತಾಯಿ) ಆಗಬಹುದೆ?

ಉತ್ತರ: ಆಗದು. ಆಕೆಗೆ ದೀಕ್ಷಾಸ್ನಾನವಾಗಿದ್ದರೆ ಒಬ್ಬ ಕ್ಯಾಥೊಲಿಕ್ ಗಾಡ್‌ಫಾದರ್ ಅಥವಾ ಗಾಡ್‌ಮದರ್ ಜೊತೆಗೆ ಸಾಕ್ಷಿಯಾಗಿ ನಿಲ್ಲಬಹುದು. ಆ ಕ್ಯಾಥೊಲಿಕ್ ವ್ಯಕ್ತಿಗೆ ಸಾಮಾನ್ಯವಾಗಿ 16 ತುಂಬಿರಬೇಕು, ದೃಢೀಕರಣವಾಗಿರಬೇಕು. ಮಗುವಿನ ತಂದೆ ತಾಯಿ ಆಗಿರಬಾರದು. ರಿಜಿಸ್ಟರಿನಲ್ಲಿ ಹೆಸರುಗಳ ಕಾಗುಣಿತವನ್ನು ಅಂದೇ ನೋಡಿಕೊಳ್ಳಿ. ಮದುವೆಯ ಹೊತ್ತಿಗೆ ಸರ್ಟಿಫಿಕೇಟ್ ಹೊರಡುವುದು ಅದೇ ಪುಟದಿಂದ.