ಎಳೆದ ಬಣ್ಣ ಕೆಸರಾಗುವುದೇಕೆ?

ಪ್ರಶ್ನೆ: ಅಮೂರ್ತ ಚಿತ್ರಕ್ಕೆ ಅಕ್ರಿಲಿಕ್ ಬಣ್ಣ ಸುರಿದು ರಬ್ಬರ್ ಪಟ್ಟಿಯಿಂದ ಎಳೆಯುತ್ತೇನೆ. ಬಣ್ಣ ಕೆಸರಾಗುತ್ತದೆ, ಅಲ್ಲಲ್ಲಿ ಸಿಪ್ಪೆ ಏಳುತ್ತದೆ. ಏಕೆ?

ಉತ್ತರ: ಇವು ಎರಡು ಬೇರೆ ತೊಂದರೆಗಳು. ಕೆಂಪು-ಹಸಿರಿನಂಥ ವಿರುದ್ಧ ಬಣ್ಣಗಳು ಹಸಿಯಾಗಿ ಬೆರೆತರೆ ಕೆಸರೇ. ಒಂದು ಪದರ ಪೂರ್ತಿ ಒಣಗಿದ ಮೇಲೆ ಇನ್ನೊಂದನ್ನು ಎಳೆಯಿರಿ. ಪ್ರತಿ ಎಳೆತಕ್ಕೂ ಪಟ್ಟಿಯ ಅಂಚು ಒರೆಸಿ.

ಸಿಪ್ಪೆಗೆ ಕಾರಣ ಅರೆಒಣಗು. ಅಕ್ರಿಲಿಕ್ ಮೊದಲು ಮೇಲೆ ಕೆನೆಗಟ್ಟುತ್ತದೆ, ಒಳಗೆ ಹಸಿಯಿರುತ್ತದೆ; ಆಗ ಎಳೆದರೆ ಕೆನೆ ಹರಿದು ಸಿಪ್ಪೆ ಏಳುತ್ತದೆ. ಫ್ಯಾನ್ ನಿಲ್ಲಿಸಿ, ಸುರಿದ 3-4 ನಿಮಿಷದೊಳಗೇ ಎಳೆದುಬಿಡಿ. ತಪ್ಪಿದರೆ ಮರುದಿನದವರೆಗೆ ಮುಟ್ಟಬೇಡಿ. ಬಣ್ಣ ಒಣಗುವುದನ್ನು ನಿಧಾನಿಸಲು ಬೆರೆಸುವ ರಿಟಾರ್ಡರ್ ಹೆಚ್ಚಾದರೆ ಪದರ ಅಂಟಂಟಾಗಿಯೇ ಉಳಿಯುತ್ತದೆ.

ಜರ್ಮನ್ ಚಿತ್ರಕಾರ ಗೆರ್ಹಾರ್ಡ್ ರಿಕ್ಟರ್ ಅವರ ಎಳೆತಗಳೇ ನಿಮ್ಮ ಮಾದರಿಯೇ? ಅವು ಎಣ್ಣೆಬಣ್ಣದವು, ದಿನಗಟ್ಟಲೆ ಹಸಿಯಿರುತ್ತವೆ.