ತೆಂಗಿನಕಾಯಿ, ಮಶೀನು ಎರಡೂ ಒಂದೇ ಜಾಗ ತೋರಿಸಿದರೆ?

ಪ್ರಶ್ನೆ: ಶಿರಸಿ ತಾಲೂಕಿನಲ್ಲಿ ನಮ್ಮ ಅಡಿಕೆ ತೋಟವಿದೆ. ತೆಂಗಿನಕಾಯಿ ಹಿಡಿದು ಅಂತರ್ಜಲ ನೋಡುವವರು ಗುರುತು ಹಾಕಿದ ಜಾಗದಲ್ಲೇ ನೀರು ಹುಡುಕುವ ಮಶೀನು ಇಟ್ಟು ನೋಡಿಸಿದೆವು. 60 ಅಡಿಯಲ್ಲಿ ನೀರಿದೆ ಎಂದು ಬಂತು. ಬೋರು ಹೊಡೆಸಬಹುದೇ?

ಉತ್ತರ: ಈಗಲೇ ಬೇಡ. ಗುರುತಿನ ಮೇಲಷ್ಟೇ ಮಶೀನು ಇಟ್ಟಿದ್ದೀರಿ. ಹತ್ತು ಮಾರು ಆಚೆ ಏನು ತೋರಿಸುತ್ತಿತ್ತೋ ಗೊತ್ತಿಲ್ಲ.

ಮಶೀನು ನೀರನ್ನು ಕಾಣುವುದಿಲ್ಲ. ಕರೆಂಟು ಹಾಯಿಸಿ ನೆಲ ಎಷ್ಟು ತಡೆಯುತ್ತದೆ ಎಂದು ಅಳೆಯುತ್ತದೆ. ನಿಮ್ಮಲ್ಲಿ ಚಿರೆಕಲ್ಲಿನ ಅಡಿಗೆ ಶೇಡಿ ಮಣ್ಣಿದ್ದರೆ (ಮೆತ್ತನೆಯ ಜೇಡಿಯಂಥ ಮಣ್ಣು), ಒದ್ದೆ ಶೇಡಿಯೂ ನೀರು ತುಂಬಿದ ಬಿರುಕುಬಂಡೆಯ ಹಾಗೆ ಕಡಿಮೆ ತಡೆಯನ್ನೇ ತೋರಿಸುತ್ತದೆ. ಆದರೆ ಶೇಡಿ ನೀರು ಹಿಡಿದಿಟ್ಟುಕೊಳ್ಳುತ್ತದೆ, ಬಿಟ್ಟುಕೊಡುವುದಿಲ್ಲ. ಅದೇ ಮಶೀನಿನಲ್ಲಿ ಮೂರು ಸಲ ನೋಡಿಸಿದರೆ ಮೂರು ಸಲವೂ ಅದೇ ಮೋಸ.

ಬೇಕಾದ್ದು ಬೇರೆ ದಾರಿಯಿಂದ ಬಂದ ಸುಳಿವು. ಅಕ್ಕಪಕ್ಕದವರ ಬೋರಿನ ಬಿಲ್ಲು ಕೇಳಿ ನೋಡಿ: ಕೇಸಿಂಗ್ (ಮಣ್ಣು ಕುಸಿಯದಂತೆ ಬೋರಿಗೆ ಇಳಿಸುವ ಪೈಪು) ಎಷ್ಟು ಅಡಿ, ನೀರು ಸಿಕ್ಕಿದ್ದು ಎಷ್ಟು ಅಡಿಗೆ. ಕೇಸಿಂಗ್ ಗಟ್ಟಿ ಬಂಡೆಯವರೆಗೆ ಇಳಿಸುವುದರಿಂದ ಮೇಲಿನ ಮಣ್ಣಿನ ದಪ್ಪ ಅದರಲ್ಲೇ ತಿಳಿಯುತ್ತದೆ. ಎಲ್ಲರ ಕೇಸಿಂಗೂ 70–80 ಅಡಿಯಾಗಿದ್ದರೆ ನಿಮ್ಮ 60 ಅಡಿಯ 'ನೀರು' ಬಹುಶಃ ಶೇಡಿ. ಆಮೇಲೆ ಇಸ್ರೋದ ಭುವನ್ ಜಾಲತಾಣದ ಉಪಗ್ರಹ ಚಿತ್ರದಲ್ಲಿ ಹಳ್ಳ ನೇರ ಗೆರೆ ಎಳೆದಂತೆ ಹರಿಯುವ ಕಡೆ ಹುಡುಕಿ. ಅದು ಬಂಡೆಯ ಬಿರುಕಿನ ಗುರುತಾಗಿರಬಹುದು. ಅಂಥ ಎರಡು ಗೆರೆ ಕೂಡುವ ಜಾಗ ಇನ್ನೂ ಒಳ್ಳೆಯದು.

ಈ ಲೆಕ್ಕ ನೋಡಿ. ನಿಮ್ಮೂರಲ್ಲಿ 10 ಬೋರಿನಲ್ಲಿ 4ಕ್ಕೆ ನೀರು ಬಿದ್ದಿದೆ ಎನ್ನಿ. ಒಂದು ಸುಳಿವು ಒಣ ಜಾಗಕ್ಕಿಂತ ನೀರಿರುವ ಜಾಗದಲ್ಲಿ ಎರಡು ಪಟ್ಟು ಹೆಚ್ಚು ಕಾಣುವಂಥದ್ದಾದರೆ ಭರವಸೆ ಶೇ 40ರಿಂದ 57ಕ್ಕೆ ಏರುತ್ತದೆ. ಅಷ್ಟೇ ಬಲದ, ಸಂಬಂಧವಿಲ್ಲದ ಎರಡನೆಯದು ಸೇರಿದರೆ ಶೇ 73. ಮೊದಲನೆಯದರ ನಕಲಾದರೆ 57ರಲ್ಲೇ ನಿಂತಿತು.

ಮಶೀನಿನವರಿಗೆ ತೆಂಗಿನಕಾಯಿ ಗುರುತು ಹೇಳಬೇಡಿ. ಗೆರೆಗೆ ಅಡ್ಡಲಾಗಿ ನಾಲ್ಕೈದು ಕಡೆ ಅಳೆಯಲಿ; ನೀರಿಲ್ಲ ಎನಿಸುವ ಒಂದು ಜಾಗವೂ ಇರಲಿ. ಅಲ್ಲೂ 'ನೀರು' ಬಂದರೆ ಆ ಅಳತೆಗೆ ಬೆಲೆಯಿಲ್ಲ. ತಂತಿಬೇಲಿ, ಕಬ್ಬಿಣದ ಪೈಪು, ಕರೆಂಟಿನ ಲೈನು ಹತ್ತಿರವಿದ್ದರೆ ಅಳತೆ ಕೆಡುತ್ತದೆ. ಒಣ ಚಿರೆಕಲ್ಲಿನಲ್ಲಿ ಕರೆಂಟು ಹಾಯಿಸಲು ನೆಡುವ ಗೂಟದ ಬುಡಕ್ಕೆ ಉಪ್ಪುನೀರು ಹೊಯ್ಯುವುದು ಒಳ್ಳೆಯದು. ಬಿಲ್ಲು, ಗೆರೆ, ಮಶೀನು ಮೂರೂ ಕೂಡಿದ ಕಡೆಯೇ ಹೊಡೆಸಿ. ಕೇಸಿಂಗ್ ಮಾತ್ರ ಗಟ್ಟಿ ಬಂಡೆಯೊಳಗೆ ಕೂರಲಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಶೇಡಿ ಕುಸಿದು ಬೋರು ಮುಚ್ಚಿಹೋಗಬಹುದು.